ಡಬ್ಬಿಗೆ ಹಚ್ಚಿದ ಕುಂಕುಮ

ಹಳೆಯ ವಸ್ತುಗಳ ಮೇಲೆ ನನಗೆ ಪ್ರೀತಿ ಬಹಳ, ನಂಬಿಕೆ ಮಾತ್ರ ಕಡಿಮೆ. ಬಾಗೇವಾಡಿಯ ನಮ್ಮ ಮನೆಯ ಕಂಪ್ಯೂಟರು ಎಷ್ಟು ಹಳೆಯದೆಂದರೆ, ಅದರೊಳಗಿನ ವಿಂಡೋಸನ್ನು ಹೆತ್ತವರೇ ಕೈಬಿಟ್ಟಿದ್ದಾರೆ. ವೈಫೈ ಹಿಡಿಯುವ ಶಕ್ತಿ ಅದಕ್ಕಿಲ್ಲ. ನೆಟ್ಟಿನ ಡಬ್ಬಿಯಿಂದ ತಂತಿ ಎಳೆದು ಕೊಡಬೇಕು. ಆದರೂ ಇಟ್ಟುಕೊಂಡಿರುವುದು ನನ್ನ ಮಾವನವರಿಗಾಗಿ. ಆಲಮಟ್ಟಿಯಲ್ಲಿ ಡ್ಯಾಮಿನ ಗೇಟು ನೋಡಿಕೊಂಡು ನಿವೃತ್ತರಾದ ಅವರು ಈಗ ನಮ್ಮಲ್ಲೇ ಇದ್ದಾರೆ. ದಿನಾ ಬೆಳಿಗ್ಗೆ ದೊಡ್ಡ ಪರದೆಯ ಮೇಲೆ ಜಲಾಶಯದ ನೀರಿನ ಮಟ್ಟ ನೋಡದೆ ಅವರಿಗೆ ರೊಟ್ಟಿ ಇಳಿಯುವುದಿಲ್ಲ. ಮೊಬೈಲಿನಲ್ಲಿ ತೋರಿಸಿದರೆ, ಅಷ್ಟು ಸಣ್ಣ ಡ್ಯಾಮು ತಾವು ಕಾಯ್ದಿಲ್ಲ ಎನ್ನುತ್ತಾರೆ.

ಅಮಾವಾಸ್ಯೆಯ ಮರುದಿನ ನೆಟ್ ಬರಲಿಲ್ಲ. ತಂತಿ ಸೇರಿಲ್ಲವೆಂದು ಕಂಪ್ಯೂಟರು ಪರದೆಯ ಮೂಲೆಯಲ್ಲಿ ಹೇಳುತ್ತಲೇ ಇತ್ತು. ವಯಸ್ಸಾಗಿದೆ, ಏನೋ ಗೊಣಗುತ್ತದೆ ಎಂದು ನಾನು ಕಿವಿಗೆ ಹಾಕಿಕೊಳ್ಳದೆ ಸಿಂದಗಿಯಲ್ಲಿ ಕಂಪ್ಯೂಟರ್ ಕಲಿಸುವ ಗೆಳೆಯನಿಗೆ ಫೋನ್ ಹಚ್ಚಿದೆ. ಅವನು ಹೇಳಿದಂತೆ ಸೆಟ್ಟಿಂಗಿನೊಳಗೆ ಹೊಕ್ಕು, ಚುಕ್ಕೆ ಚುಕ್ಕೆಯ ಅಂಕಿಗಳನ್ನು ಅಳಿಸಿ ಬರೆದೆ, ಬರೆದು ಅಳಿಸಿದೆ. ಕೊನೆಗೆ ಅವನು ಡಬ್ಬಿಯ ದೀಪ ಯಾವ ಬಣ್ಣವೆಂದು ಕೇಳಿದ. ಅಲ್ಲಿಂದಲೇ ಇಣುಕಿ ಕೆಂಪು ಎಂದೆ. ಹಾಗಾದರೆ ಲೈನೇ ಕಡಿದಿದೆ, ನಿಡಗುಂದಿ ಕಡೆ ಎಲ್ಲೋ ರಸ್ತೆ ಅಗೆದಿರಬೇಕು ಎಂದು ತೀರ್ಪು ಕೊಟ್ಟುಬಿಟ್ಟ.

ಮಾವನವರು ಮೆಲ್ಲಗೆ ತಾಟು ಪಕ್ಕಕ್ಕೆ ಸರಿಸಿದರು. "ನೀರು ಏರಾಕತ್ತೈತೋ ಇಳ್ಯಾಕತ್ತೈತೋ ತಿಳೀದ ಹೆಂಗ ಉಣ್ಣಲಿರಿ?" ಎಂದರು. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ ಕೇಳಿದಳು: "ಲೈನ್ ಕಡದಿದ್ರ ಅದ ಡಬ್ಬಿ ಮ್ಯಾಲಿಂದ ನನ್ನ ಫೋನಿಗೆ ನೆಟ್ ಹೆಂಗ ಬರಾಕತ್ತೈತ್ರಿ?"

ಎದ್ದು ಹೋಗಿ ದೀಪ ಮುಟ್ಟಿದೆ. ಕೆಂಪು ಬೆರಳಿಗೆ ಹತ್ತಿತು. ಹಿಂದಿನ ದಿನ ಅಮಾವಾಸ್ಯೆ ಪೂಜೆಯಲ್ಲಿ ಮನೆಯ ಯಂತ್ರಗಳಿಗೆಲ್ಲ ಹಚ್ಚುವಾಗ ನಾನೇ ಭಕ್ತಿಯಿಂದ ಇಟ್ಟ ಕುಂಕುಮ! ಅದರಡಿ ದೀಪ ಹಸಿರಾಗಿಯೇ ಉರಿಯುತ್ತಿತ್ತು. ಪೂಜೆಗೆ ಮುಂಚೆ ಒರೆಸಲೆಂದು ನಾನೇ ಕಿತ್ತಿದ್ದ ತಂತಿ ಮೇಜಿನ ಹಿಂದೆ ನೇತಾಡುತ್ತಿತ್ತು. ಅದರ ತುದಿಗೂ ವಿಭೂತಿ ಬಳಿದಿದ್ದೆ. ಒರೆಸಿ ಸಿಕ್ಕಿಸಿ, ಅಂಕಿಗಳನ್ನು ಮೊದಲಿದ್ದಂತೆ ಮಾಡಿದೆ. ನೀರಿನ ಮಟ್ಟ ಬಂತು. ಏರುತ್ತಿತ್ತು. ಮಾವನವರು ತಾಟು ಎಳೆದುಕೊಂಡು, "ಅದು ಪಾಪ ಮುಂಜಾನಿಂದ ಖರೇನ ಹೇಳಾಕತ್ತಿತ್ತು. ವಯಸ್ಸಾದವ್ರ ಮಾತು ಯಾರ್ ಕೇಳ್ತಾರ್ರಿ" ಎಂದು ರೊಟ್ಟಿ ಮುರಿದರು.

ಈ ಅಮಾವಾಸ್ಯೆಗೆ ಕುಂಕುಮದ ಬಟ್ಟಲು ಮಾವನವರ ವಶಕ್ಕೆ ಹೋಯಿತು. ಡಬ್ಬಿಯನ್ನು ಬಿಟ್ಟು ಅವರು ನನ್ನ ಹಣೆಗೇ ದೊಡ್ಡದಾಗಿ ಹಚ್ಚಿದರು. ಸಿಂದಗಿಯ ಗೆಳೆಯ ನೋಡಿದ್ದರೆ, ಇವನ ಲೈನೇ ಕಡಿದಿದೆ ಎನ್ನುತ್ತಿದ್ದ. ಈ ಸಲ ಅವನ ತೀರ್ಪು ತಪ್ಪಾಗುತ್ತಿರಲಿಲ್ಲ.