ನೀರಿನ ನಡುವೆ ಸುಮ್ಮನೆ ನಿಲ್ಲುವ ಕುರಿತು

ಜಲಾಶಯ ನಿರ್ವಹಣಾ ಇಲಾಖೆ
ಸಂಖ್ಯೆ: ಜನಿಇ/ಮುಳುಗು/ಉಸಿರು/೭

ಸುತ್ತೋಲೆ

ವಿಷಯ: ಕರ್ತವ್ಯದ ವೇಳೆ ನೀರಿನ ನಡುವೆ ಸುಮ್ಮನೆ ನಿಲ್ಲುವುದರ ಬಗ್ಗೆ.
ಉಲ್ಲೇಖ: ಸಹಾಯಕ ಇಂಜಿನಿಯರರ ಲಿಖಿತ ದೂರು, ಮುಳುಗುಗಾರರ ಹಗ್ಗ ಕಾಯುವ ಅಕ್ಕನವರ ಬಾಯಿಮಾತಿನ ಉತ್ತರ.

ತೂಬಿಗೆ ಸಿಕ್ಕಿದ್ದ ಮರದ ಬೊಡ್ಡೆ ಬಿಡಿಸಲು ಆಳಕ್ಕೆ ಇಳಿದಿದ್ದ ಮುಳುಗುಗಾರರೊಬ್ಬರು, ಕೆಲಸ ಮುಗಿದ ಮೇಲೂ ಅರ್ಧದಾರಿಯಲ್ಲಿ ಹಗ್ಗ ಹಿಡಿದು ನಿಂತಿದ್ದು ಗಮನಕ್ಕೆ ಬಂದಿರುತ್ತದೆ. ಅವರನ್ನು ಕೂಡಲೇ ಮೇಲೆಳೆಯಲು ಸಹಾಯಕ ಇಂಜಿನಿಯರರು ಆದೇಶಿಸಲಾಗಿ, ಮುಳುಗುಗಾರರ ಹಗ್ಗ ಕಾಯುವ ಅವರ ಅಕ್ಕ ರಾಟೆಯ ಮೇಲೆಯೇ ಕುಳಿತು, "ಸಾರ್, ಕೆಳಗೆ ಉಸಿರಾಡಿದ ಗಾಳಿ ಅವನ ರಕ್ತದಲ್ಲಿ ಕರಗಿದೆ, ಮೆಲ್ಲಗೆ ಹೊರಗೆ ಹೋಗ್ಬೇಕು. ಒಮ್ಮೆಲೇ ಎಳೆದ್ರೆ ಸೋಡಾ ಬಾಟಲಿ ತೆಗೆದ ಹಾಗೆ ಮೈಯೆಲ್ಲ ಗುಳ್ಳೆ ಏಳತ್ತೆ. ನನ್ನ ತಮ್ಮನ ಕೈಕಾಲು ಬಿದ್ದುಹೋದ್ರೆ ನೀವು ಕೊಡ್ತೀರಾ?" ಎಂದು ಕೇಳಿರುತ್ತಾರೆ. ಕೈಕಾಲು ಒದಗಿಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ. ಮುಳುಗುಗಾರರು ತಮ್ಮ ಪಾಡಿಗೆ ತಾವು ನಿಧಾನವಾಗಿ ಮೇಲೆ ಬಂದು, ಅಕ್ಕ ತಂದಿದ್ದ ಬಾಳೆಹಣ್ಣನ್ನೆಲ್ಲ ತಿಂದು, "ಇನ್ನೂ ಹಸಿವು ಕಣಕ್ಕಾ" ಎಂದಿರುತ್ತಾರೆ.

ಆದಕಾರಣ ಈ ಕೆಳಕಂಡಂತೆ ಸೂಚಿಸಲಾಗಿದೆ:

೧. ರಕ್ತದಲ್ಲಿ ಕರಗಿದ ಗಾಳಿಯು ಇಲಾಖೆಯ ಸಿಲಿಂಡರಿನದಾದ್ದರಿಂದ ಇಲಾಖೆಯ ಸ್ವತ್ತು. ಅದನ್ನು ಕಚೇರಿ ವೇಳೆಯಲ್ಲೇ ಹಿಂದಿರುಗಿಸತಕ್ಕದ್ದು.

೨. ಮುಖಕ್ಕೆ ತಣ್ಣೀರು ತಾಗಿದೊಡನೆ ಹೃದಯದ ಬಡಿತ ನಿಧಾನವಾಗುವುದೆಂದು ವೈದ್ಯರು ವರದಿ ಮಾಡಿದ್ದಾರೆ. ಪೂರ್ವಾನುಮತಿಯಿಲ್ಲದೆ ನಿಧಾನಗೊಂಡ ಹೃದಯಕ್ಕೆ ಕಾರಣ ಕೇಳಿ ನೋಟಿಸ್ ನೀಡಲಾಗುವುದು.

೩. ಈಜುವಾಗ ಸ್ನಾಯುಗಳು ಸಕ್ಕರೆ ಉರಿಸುತ್ತವೆ, ಚಳಿಗೆ ನಡುಗುವಾಗ ಮತ್ತಷ್ಟು ಉರಿಸುತ್ತವೆ ಎಂದು ತಿಳಿದುಬಂದಿದೆ. ಅಗ್ನಿಶಾಮಕ ಶಾಖೆಯ ನಿರಾಕ್ಷೇಪಣಾ ಪತ್ರವಿಲ್ಲದೆ ಇಲಾಖೆಯ ಆವರಣದಲ್ಲಿ ಏನನ್ನೂ ಉರಿಸತಕ್ಕದ್ದಲ್ಲ. ನಡುಕವು ಅನಿವಾರ್ಯವಾದಲ್ಲಿ ಪಾಳಿಯಂತೆ ನಡುಗತಕ್ಕದ್ದು.

೪. ನಿಲ್ಲುವುದು ಶುದ್ಧ ಸೋಮಾರಿತನವೆಂದು ಸಾಬೀತುಪಡಿಸಲು, ತರಬೇತಿಯ ಪ್ರಮಾಣಪತ್ರ ಹೊಂದಿದ್ದ ಸಹಾಯಕ ಇಂಜಿನಿಯರರು ಮರುದಿನ ತಾವೇ ಇಳಿದು, ಎಲ್ಲಿಯೂ ನಿಲ್ಲದೆ ಮೇಲೆ ಬಂದಿರುತ್ತಾರೆ. ಸಂಜೆಯ ಹೊತ್ತಿಗೆ ಅವರ ಭುಜ, ಮೊಣಕೈಗಳು ಆದೇಶ ಪಾಲಿಸುವುದನ್ನು ನಿಲ್ಲಿಸಿರುತ್ತವೆ. ಮುಳುಗುಗಾರರೇ ಅವರನ್ನು ರಕ್ತದ ಗುಳ್ಳೆ ಕರಗಿಸುವ ಆಸ್ಪತ್ರೆಯ ಒತ್ತಡದ ಕೋಣೆಗೆ ಸೇರಿಸಿ, ಜೊತೆಗೆ ಒಳಗೆ ಕುಳಿತು, "ಹೆದರ್ಬೇಡಿ ಸಾರ್, ಮೆಲ್ಲಗೆ ಉಸಿರಾಡಿ, ನಾನಿದ್ದೀನಲ್ಲ" ಎಂದು ಕೈ ಹಿಡಿದುಕೊಂಡಿರುತ್ತಾರೆ. ಕೈ ಹಿಡಿದುಕೊಂಡ ಅವಧಿಯನ್ನು ಗೈರುಹಾಜರಿ ಎಂದು ಪರಿಗಣಿಸಲಾಗಿದೆ.

೫. ಇನ್ನು ಮುಂದೆ ನೀರಿನ ನಡುವೆ ನಿಲ್ಲಲು ಅನುಮತಿಸಿದೆ. ಆದರೆ ನಿಂತಿರುವಾಗ ಕೆಲಸದಲ್ಲಿ ಮಗ್ನರಾಗಿರುವಂತೆ ಕಾಣತಕ್ಕದ್ದು.

ಸಹಿ/-
ಪ್ರಭಾರ ಇಂಜಿನಿಯರ್
(ಈಜು ಬಾರದು)

ಪ್ರತಿಗಳು:
೧. ಸಹಾಯಕ ಇಂಜಿನಿಯರ್, ಒತ್ತಡದ ಕೋಣೆ: ಕೈ ಎತ್ತಲಾಗದ್ದರಿಂದ ಶ್ರೀಮತಿಯವರು ಕಿಟಕಿಯ ಗಾಜಿನಾಚೆಯಿಂದ ಓದಿ ಹೇಳುವುದು.
೨. ಹಗ್ಗ ಕಾಯುವ ಅಕ್ಕ: ಮಾಹಿತಿಗಾಗಿ. ಉತ್ತರ ನೀಡುವ ಅಗತ್ಯವಿಲ್ಲ, ದಯವಿಟ್ಟು.
೩. ಮುಳುಗುಗಾರರು: ಸದ್ಯ ನೀರಿನಡಿ ಇರುವುದರಿಂದ, ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿ, ಕಲ್ಲು ಕಟ್ಟಿ ಇಳಿಸಲಾಗಿದೆ.