ಕಾಕಾನ ರೊಟ್ಟಿ ಪೆಟ್ಟಿಗೆ

ನಮ್ಮ ಕಾಕಾನಿಗೆ ಅಳತೆ ಟೇಪಿನ ಮೇಲೆ ನಂಬಿಕೆಯಿಲ್ಲ. ದೇವರನ್ನು ನಂಬದವರನ್ನು ನೀವು ನೋಡಿರುತ್ತೀರಿ, ಡಾಕ್ಟರನ್ನು ನಂಬದವರಂತೂ ಓಣಿಗೊಬ್ಬರು ಸಿಗುತ್ತಾರೆ. ಟೇಪನ್ನು ನಂಬದ ಮನುಷ್ಯನನ್ನು ನೋಡಬೇಕಾದರೆ ಮಾತ್ರ ಸಿಂದಗಿಯಲ್ಲಿ ಬಸ್ಸು ಹಿಡಿದು ಕನ್ನೊಳ್ಳಿಗೇ ಬರಬೇಕು! "ಟೇಪ ಅಂದ್ರ ಬರೇ ಅಂಕಿ. ಅಂಕಿ ತಗೊಂಡು ನಾ ಏನ್ ಮಾಡ್ಲಿ? ನನಗ ಹೊಂದೂದು ಬೇಕು" ಎನ್ನುತ್ತಾನೆ. ಹಾಗಾಗಿ ಏನನ್ನೇ ತರಬೇಕಾದರೂ ಮಾಡಿಸಬೇಕಾದರೂ ಅಳತೆಯ ಬದಲು ಆ ವಸ್ತುವನ್ನೇ ಎತ್ತಿಕೊಂಡು ಹೊರಡುವುದು ಅವನ ಪದ್ಧತಿ.

ನಾನು ಹೈಸ್ಕೂಲಿನಲ್ಲಿದ್ದಾಗ ಪಡಸಾಲೆಯ ಕಿಟಕಿಯ ಗಾಜು ಒಡೆಯಿತು. ಬೇರೆಯವರಾದರೆ ಉದ್ದಗಲ ಬರೆದುಕೊಂಡು ಹೋಗುತ್ತಿದ್ದರು. ಕಾಕಾ ಕಿಟಕಿಯ ಬಾಗಿಲನ್ನೇ ಕಿತ್ತು, ನಾನು ಸಾಲೆಗೆ ಹೋಗುವ ಬಸ್ಸನ್ನೇ ಹತ್ತಿದ. ಅದನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, ಒಡೆದ ಗಾಜಿನ ಜಾಗದಿಂದ ಮುಖ ಹೊರಹಾಕಿ ಪಕ್ಕದವರೊಡನೆ ತೊಗರಿಯ ಫಸಲಿನ ಬಗ್ಗೆ ಮಾತಿಗಿಳಿದ. ನನ್ನ ಗೆಳತಿಯರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಬೇರೆ ಊರಿನ ಹುಡುಗಿಯಂತೆ ಹೊರಗೆ ನೋಡುತ್ತಾ ಕುಳಿತೆ. ಕಂಡಕ್ಟರು ಬಂದು, "ಯಜಮಾನ್ರ, ಬಸ್ಸಿಗೆ ಕಿಟಕಿ ಅದಾವಲ್ರಿ" ಎಂದ.

"ಅದಾವ. ಆದ್ರ ಒಂದರಾಗೂ ಗಾಳಿ ಬರಂಗಿಲ್ಲ" ಎಂದ ಕಾಕಾ, ತನ್ನ ಕಿಟಕಿಯೊಳಗಿಂದ.

ಇಂಥವನ ಜೊತೆ ಬಾಳ್ವೆ ಮಾಡಿದವಳು ನಮ್ಮ ಚಿಗವ್ವ. ಆಕೆಯ ಬಗ್ಗೆ ಹೇಳಬೇಕೆಂದರೆ ಆಕೆಯ ಜೋಳದ ರೊಟ್ಟಿಯ ಬಗ್ಗೆ ಹೇಳಬೇಕು. ಹಂಚಿನಾಚೆ ಇಣುಕುವಷ್ಟು ಅಗಲ, ಎತ್ತಿ ಹಿಡಿದರೆ ಬೆಳಕು ಕಾಣುವಷ್ಟು ತೆಳು. ಬೆಳಗಿನ ಜಾವ ನಮಗೆಲ್ಲ ಎಚ್ಚರವಾಗುತ್ತಿದ್ದದ್ದೇ ಆಕೆ ರೊಟ್ಟಿ ಬಡಿಯುವ ಪಟಪಟ ಸದ್ದಿಗೆ. ಹೊದಿಕೆಯೊಳಗೆ ಕಣ್ಣು ಮುಚ್ಚಿಕೊಂಡೇ, ಒಲೆಯ ಹೊಗೆಯ ವಾಸನೆ ಕುಡಿಯುತ್ತಾ, ಆ ಸದ್ದು ಕೇಳುತ್ತಾ ಮಲಗಿರುವ ಸುಖ ಏನು ಹೇಳಲಿ! ಮದುವೆಯಾಗಿ ಬಸವನ ಬಾಗೇವಾಡಿಗೆ ಬಂದ ಹೊಸದರಲ್ಲಿ ನಾನು ದಿನಾ ತಡವಾಗಿ ಏಳುತ್ತಿದ್ದೆ. ಅತ್ತೆ ಮೂಗು ಮುರಿದರು. ನಾನೇನು ಮಾಡಲಿ? ಆ ಮನೆಯಲ್ಲಿ ಬೆಳಿಗ್ಗೆ ಚಪಾತಿ, ಲಟ್ಟಣಿಗೆಗೆ ಸದ್ದೇ ಇಲ್ಲ!

ಕೆಲವು ವರ್ಷಗಳ ಹಿಂದೆ ಚಿಗವ್ವನ ಬಲಭುಜ ಹಿಡಿದುಕೊಂಡಿತು. ವಿಜಯಪುರದ ಡಾಕ್ಟರು ನೋಡಿ, "ದಿನಾ ರೊಟ್ಟಿ ಬಡಿಯೂದು ಬಿಡ್ರಿ. ಇಲ್ಲಾಂದ್ರ ಮುಂದ ಕೈ ಮ್ಯಾಲ ಏಳೂದು ನಿಂತು ಹೋಗ್ತೈತಿ" ಎಂದರು. ಚಿಗವ್ವ ವಿನಯದಿಂದ ತಲೆಯಾಡಿಸಿದಳು. ಮನೆಗೆ ಬಂದು ಸೆರಗು ಸಿಕ್ಕಿಸಿ, ಡಾಕ್ಟರು ಹೇಳಿದ್ದನ್ನು ಅಕ್ಕಪಕ್ಕದವರಿಗೆಲ್ಲ ಚೆನ್ನಾಗಿ ವಿವರಿಸುತ್ತಾ ರೊಟ್ಟಿ ಬಡಿಯಲು ಕುಳಿತಳು. ಸೊಸೆ ತಾನು ಬಡಿಯುತ್ತೇನೆಂದರೆ, "ನೀ ಅಂಗನವಾಡಿ ನೋಡ್ಕೋ ಯವ್ವಾ. ಹಂಚು ನನಗಿರಲಿ" ಎಂದಳು.

ಕಾಕಾ ತಲೆ ಕೆಡಿಸಿಕೊಂಡ. ಆ ಕೈ ಉಳಿಯಬೇಕು, ಅದೊಂದೇ ಅವನ ಚಿಂತೆ. ಹೀಗೇ ಕೂತು ಕೂತು ಒಂದು ಉಪಾಯ ಹೊಳೆಯಿತು. ವಾರಕ್ಕೊಮ್ಮೆ ಖಡಕ್ ರೊಟ್ಟಿ ಮಾಡಿ ಇಟ್ಟುಕೊಂಡರೆ ಉಳಿದ ದಿನ ಕೈಗೆ ಬಿಡುವು. ಆದರೆ ಇಡುವುದೆಲ್ಲಿ? ಬುಟ್ಟಿಯಲ್ಲಿಟ್ಟರೆ ಇಲಿ, ಸ್ಟೀಲ್ ಡಬ್ಬಿಯಲ್ಲಿಟ್ಟರೆ ಮಳೆಗಾಲಕ್ಕೆ ಮೆತ್ತಗಾಗುತ್ತವೆ ಎಂದು ಚಿಗವ್ವ ತಕರಾರು ತೆಗೆದಳು.

"ಹಂಗಾದ್ರ ಕಟ್ಟಿಗೀ ಪೆಟ್ಟಿಗಿ ಮಾಡ್ತೇನಿ" ಎಂದ ಕಾಕಾ.

ಇವನಿಗೆ ಬಡಗಿ ಕೆಲಸ ಯಾವಾಗ ಬಂತು ಎಂದು ನೀವು ಕೇಳಬಹುದು. ನಾವೂ ಕೇಳಿದೆವು. "ಬಡಿಗ್ಯಾರು ಏನ್ ಹೊಟ್ಟ್ಯಾಗ ಕಲ್ತು ಬಂದಿರ್ತಾರೇನು?" ಎಂದು ನಮ್ಮ ಬಾಯಿ ಮುಚ್ಚಿಸಿದ.

ಸಾಲೋಟಗಿಯಲ್ಲಿ ಯಾರೋ ಹಳೆಯ ಮನೆ ಬಿಚ್ಚುತ್ತಿದ್ದಾರೆ, ತೇಗದ ಹಲಗೆ ಸಿಗುತ್ತವೆ ಎಂದು ಸುದ್ದಿ ಬಂತು. ಅವನ್ನು ತಂದು ಇಂಡಿಯಲ್ಲಿ ಕಟ್ಟಿಗೆ ಕೊಯ್ಯುವ ಅಡ್ಡೆಗೆ ಹಾಕಿ, ಅಳತೆಗೆ ತಕ್ಕಂತೆ ಕೊಯ್ಯಿಸುವುದೆಂದು ನಿರ್ಧಾರವಾಯಿತು. ಅಳತೆ? ಪೆಟ್ಟಿಗೆ ರೊಟ್ಟಿಗೆ ತಾನೇ, ಆದ್ದರಿಂದ ರೊಟ್ಟಿಯನ್ನೇ ಒಯ್ದ. ಚಿಗವ್ವ ಬಡಿದವುಗಳಲ್ಲೇ ಅಗಲವಾದದ್ದನ್ನು ಆರಿಸಿ, ಟಾವೆಲ್ಲಿನಲ್ಲಿ ಸುತ್ತಿ, ಹಸುಗೂಸನ್ನು ಎತ್ತಿಕೊಂಡ ಹಾಗೆ ಎದೆಗೊತ್ತಿಕೊಂಡು ಬಸ್ಸು ಹತ್ತಿದ.

ಸಿಂದಗಿಯಲ್ಲಿ ಬಸ್ಸು ಬದಲಿಸಿ ಇಂಡಿಯ ದಾರಿ ಹಿಡಿಯುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಪಕ್ಕದ ಸೀಟಿನವನು ಬುತ್ತಿ ಬಿಚ್ಚಿದ. ಶೇಂಗಾ ಹಿಂಡಿ, ಕೆನೆ ಮೊಸರು. "ಬರ್ರಿ, ಉಣ್ಣೂನು" ಎಂದು ಕರೆದೂ ಬಿಟ್ಟ. ಮುಂದೇನಾಗಿರಬಹುದು? ಹೌದು, ತಿಂದ! ಆದರೆ ನಮ್ಮ ಕಾಕಾ ಹೊಣೆಗೇಡಿಯಲ್ಲ. ಇದು ಅಳತೆಯ ರೊಟ್ಟಿ ಎಂಬ ಎಚ್ಚರ ಅವನಿಗಿತ್ತು. ಒಂದೇ ಕಡೆಯಿಂದ ಮುರಿದರೆ ಆಕಾರ ಕೆಡುತ್ತದೆಂದು, ರೊಟ್ಟಿಯನ್ನು ತಿರುಗಿಸುತ್ತಾ ತಿರುಗಿಸುತ್ತಾ ಸುತ್ತಲಿನ ಅಂಚನ್ನಷ್ಟೇ ಸಮನಾಗಿ ಮುರಿದು ತಿಂದ. ಇಂಡಿಯಲ್ಲಿ ಇಳಿದಾಗ ರೊಟ್ಟಿ ಗುಂಡಗೇ ಇತ್ತಂತೆ. "ಗುಂಡಗ ಇತ್ತೋ ಇಲ್ಲೋ ಅಡ್ಡೇದವನ್ನ ಕೇಳ್ರಿ" ಎಂದು ಈಗಲೂ ವಾದಿಸುತ್ತಾನೆ.

ಕೊಯ್ಯಿಸಿದ ಹಲಗೆ ಊರಿಗೆ ಬಂದ ಮೇಲೆ ಅಡುಗೆಮನೆಯಲ್ಲೇ ಕೆಲಸ ಶುರುವಾಯಿತು. ಒಲೆಯ ಒಂದು ಬದಿಗೆ ಚಿಗವ್ವನ ಪಟಪಟ, ಇನ್ನೊಂದು ಬದಿಗೆ ಕಾಕಾನ ಟಕಟಕ. ಹಿಟ್ಟಿನಲ್ಲಿ ಕಟ್ಟಿಗೆಯ ಹೊಟ್ಟು, ಹೊಟ್ಟಿನಲ್ಲಿ ಹಿಟ್ಟು. ಒಂದು ದಿನ ಸುತ್ತಿಗೆ ಮೊಳೆಯನ್ನು ಬಿಟ್ಟು ಎಡಗೈ ಹೆಬ್ಬೆರಳಿಗೆ ಬಿತ್ತು. ಚಿಗವ್ವ ಅರಿಶಿನ ಹಚ್ಚಿ ಬಟ್ಟೆ ಕಟ್ಟುತ್ತಾ, "ನನ್ನ ಬಲಗೈ ಹೋತು, ನಿಮ್ಮ ಎಡಗೈ ಹೋತು. ಇನ್ನ ಇಬ್ಬರೂ ಕೂಡಿ ಒಬ್ಬ ಮನಷ್ಯಾ ಆದಿವಿ ನೋಡ್ರಿ" ಎಂದಳು.

ಪೆಟ್ಟಿಗೆ ಮುಗಿಯಿತೆಂದು ಫೋನು ಬಂದಾಗ ನಾನು ಬಾಗೇವಾಡಿಯಿಂದ ಹೋಗಿದ್ದೆ. ನಿಜ ಹೇಳುತ್ತೇನೆ, ಚೆನ್ನಾಗಿತ್ತು. ನಾಲ್ಕು ಕಾಲು, ಮೇಲೆ ಮುಚ್ಚಳ, ಮುಚ್ಚಳಕ್ಕೆ ಹಿತ್ತಾಳೆ ಕೊಂಡಿ. ಊದುಬತ್ತಿ ಹಚ್ಚಿ, ಕುಂಕುಮ ಇಟ್ಟು, ಮೊದಲ ರೊಟ್ಟಿ ಇಡಲು ಹೋದರೆ ಅದು ಒಳಗಿಳಿಯಲೇ ಇಲ್ಲ! ಎರಡು ಬೆರಳು ಹೊರಗೇ ನಿಂತಿತು.

ಕಾಕಾ ಸುತ್ತಲೂ ನೋಡಿ, "ನಿನ್ನ ರೊಟ್ಟಿ ದೊಡ್ಡು ಆಗ್ಯಾವ" ಎಂದ.

"ಹೌದ್ರಿ. ವಯಸ್ಸಿಗಿ ಬಂದಾವ" ಎಂದಳು ಚಿಗವ್ವ.

"ಸ್ವಲ್ಪ ಸಣ್ಣಾವು ಬಡಿ."

"ಪೆಟ್ಟಿಗೀ ಮುಖ ನೋಡಿ ರೊಟ್ಟಿ ಬಡಿಯಾಕ ನಾ ಈ ಮನಿಗಿ ಬಂದಿಲ್ಲ."

"ಹಂಗಾದ್ರ ಮುರದು ಇಡೂನು."

ಚಿಗವ್ವ ಒಮ್ಮೆ ನೋಡಿದಳು ಅಷ್ಟೆ. ಕಾಕಾ ಗರಗಸ ಎತ್ತಿಕೊಂಡ. ಪೆಟ್ಟಿಗೆಯ ನಾಲ್ಕೂ ಬದಿಗೆ ಅಗಲವಾದ ಕಿಂಡಿ ಕೊಯ್ದ. ಈಗ ರೊಟ್ಟಿಗಳು ಒಳಗಿಳಿದವು, ಅಂಚು ಮಾತ್ರ ನಾಲ್ಕೂ ಕಡೆಯಿಂದ ಹೊರಗೆ ಚಾಚಿಕೊಂಡವು. ಪೆಟ್ಟಿಗೆಗೆ ಕಿವಿ ಬಂದಂತಿತ್ತು. ಮರುದಿನವೇ ಇರುವೆ ಹತ್ತಿದವು. ನಾಲ್ಕು ಕಾಲಿನ ಕೆಳಗೆ ನಾಲ್ಕು ಬಟ್ಟಲು ನೀರಿಟ್ಟ. ಆ ನೀರು ಕುಡಿಯಲು ಬೆಕ್ಕು ಬರತೊಡಗಿತು, ಬೆಕ್ಕು ಬಂದದ್ದಕ್ಕೆ ಇಲಿ ಓಡಿದವು. ಇದೆಲ್ಲ ತಾನು ಮೊದಲೇ ಯೋಚಿಸಿ ಮಾಡಿದ್ದು ಎಂದು ಕಾಕಾ ಊರಿಗೆಲ್ಲ ಹೇಳಿಕೊಂಡು ಬಂದ. ಆದರೆ ಅಡುಗೆಮನೆಗೆ ಹೋಗಿ ಬರುವವರೆಲ್ಲ, ಅಂಚು ಕೈಗೆ ಸಿಗುತ್ತದಲ್ಲ, ಚಟ್ಟನೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ವಾರ ಮುಗಿಯುವುದರೊಳಗೆ ಒಳಗಿದ್ದ ರೊಟ್ಟಿಗಳೆಲ್ಲ ಪೆಟ್ಟಿಗೆಯ ಅಳತೆಗೆ ಬಂದವು. "ಹೊಂದಿದವಿಲ್ಲೋ?" ಎಂದ ಕಾಕಾ.

ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಆದರೆ ಪೆಟ್ಟಿಗೆ ತನ್ನ ಕೆಲಸ ಮಾಡಿತು ಎನ್ನಲೇಬೇಕು. ಚಿಗವ್ವ ದಿನಾ ಬಡಿಯುವುದನ್ನು ಬಿಟ್ಟು ವಾರಕ್ಕೆರಡು ಸಲಕ್ಕೆ ಇಳಿದಳು. ಎಳ್ಳಮವಾಸ್ಯೆ ಬಂತು, ಬೀಗರು ಬಂದರು ಎಂದು ನೆವ ತೆಗೆದು ನಡುನಡುವೆ ಕದ್ದು ಬಡಿಯುತ್ತಿದ್ದಳು, ಅದು ಬೇರೆ ಮಾತು. ಹಾಗೇ ಕೆಲವು ವರ್ಷ ಆ ಕೈ ನಡೆಯಿತು.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕೈ ಮೇಲೇಳಲಿಲ್ಲ. ತಲೆ ಬಾಚಲೂ ಸೊಸೆ ಬೇಕಾಯಿತು. ಡಾಕ್ಟರು, ಎಣ್ಣೆ, ಶಾಖ ಎಲ್ಲ ಆಯಿತು, ರೊಟ್ಟಿ ಮಾತ್ರ ಇನ್ನು ಮುಗಿಯಿತು ಎಂದು ಎಲ್ಲರಿಗೂ ತಿಳಿಯಿತು. ಸುದ್ದಿ ಕೇಳಿ ನಾನು ಫೋನು ಹಿಡಿದುಕೊಂಡೇ ಅತ್ತೆ. ಮನೆಗೆ ದೇವರ ಹಿಪ್ಪರಗಿಯಿಂದ ಯಂತ್ರದ ರೊಟ್ಟಿ ಬರತೊಡಗಿತು. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ಕಾಕಾ ಅವನ್ನು ಸ್ಟೀಲ್ ಡಬ್ಬಿಗೆ ಹಾಕಿಸಿದ. ತನ್ನ ಪೆಟ್ಟಿಗೆಯ ಕಿಂಡಿಗಳಿಗೆ ತಗಡು ಬಡಿದು, ಮುಚ್ಚಳಕ್ಕೆ ಬೀಗ ಹಾಕಿದ. ಒಳಗೆ ಚಿಗವ್ವ ಕೊನೆಯ ಸಲ ಬಡಿದಿಟ್ಟ ಖಡಕ್ ರೊಟ್ಟಿಗಳಿದ್ದವು.

ಅಲ್ಲಿಂದ ನಮ್ಮ ಕಾಕಾ ಜಿಪುಣನಾದ. ಬೀಗರಿಗೂ ಹಿಪ್ಪರಗಿ ರೊಟ್ಟಿ, ಮಗನಿಗೂ ಹಿಪ್ಪರಗಿ ರೊಟ್ಟಿ, ತನಗೂ ಅದೇ. ನಾನು ಹೋದಾಗ ಬಾಯಿಬಿಟ್ಟು ಕೇಳಿದೆ.

"ಕಾಕಾ, ಚಿಗವ್ವನ ರೊಟ್ಟಿ ಒಂದ ಕೊಡು."

"ಅವು ನಿನಗಲ್ಲ ಯವ್ವಾ."

"ಮತ್ತ ಯಾರಿಗೆ?"

"ಉಣ್ಣಾಕಿ ಬ್ಯಾರೆ ಅದಾಳ" ಎಂದ.

ನನಗೆ ಸಿಟ್ಟು ಬಂತು. ಈ ಮನೆಯಲ್ಲಿ ಬೆಳೆದವಳು ನಾನು, ನನಗಿಲ್ಲದ ರೊಟ್ಟಿ ಇನ್ನಾರಿಗೆ? ಮುದುಕನಿಗೆ ಅರಳು ಮರಳು ಎಂದುಕೊಂಡು ಮುಖ ತಿರುಗಿಸಿ ಕುಳಿತೆ.

ಮಧ್ಯಾಹ್ನ ಊಟದ ಹೊತ್ತಿಗೆ ಕಾಕಾ ಚಿಗವ್ವನ ಎಡಗೈ ಹಿಡಿದು ಪಡಸಾಲೆಗೆ ಕರೆತಂದ. ದಿನಾ ತಾನು ಕೂಡುವ ಮಣೆಯ ಮೇಲೆ ಕೂಡಿಸಿದ. "ಇದೇನ್ರಿ, ನಂದಿನ್ನಾ ಆಮ್ಯಾಲ" ಎಂದು ಆಕೆ ಏಳಹೋದಳು. "ಕೂಡು" ಎಂದ. ತಾನೇ ತಟ್ಟೆ ಹಾಕಿ, ಬದನೆಕಾಯಿ ಪಲ್ಯ, ಮೊಸರು ಬಡಿಸಿದ. ಬೀಗ ತೆಗೆದು ಒಂದು ರೊಟ್ಟಿ ತಂದು ಇಡಿಯಾಗಿ ತಟ್ಟೆಯಲ್ಲಿಟ್ಟ. ಆಕೆಯ ಬಲಗೈ ಬಾಯಿಯವರೆಗೆ ಬರುವುದಿಲ್ಲವಲ್ಲ, ಎದುರಿಗೆ ಕುಳಿತು, ಮುರಿದು, ಮೊಸರಿನಲ್ಲಿ ಅದ್ದಿ ಬಾಯಿಗಿಟ್ಟ.

ಆಗ ನನಗೆ ಹೊಳೆಯಿತು. ಚಿಗವ್ವ ಕೂತು ಉಂಡದ್ದನ್ನು ನಾನು ನೋಡಿಯೇ ಇರಲಿಲ್ಲ. ನಾವೆಲ್ಲ ಉಂಡು ಕೈ ತೊಳೆದ ಮೇಲೆ, ಸುಟ್ಟದ್ದು, ಹರಿದದ್ದು, ಉಳಿದದ್ದು ಒಲೆಯ ಮುಂದೆ ಆಕೆಯ ಪಾಲಿಗೆ. ಒಳ್ಳೆಯ ರೊಟ್ಟಿಯೊಂದನ್ನೂ ಆಕೆ ತನಗೆಂದು ಇಟ್ಟುಕೊಂಡವಳಲ್ಲ.

ಚಿಗವ್ವ ಯಾರ ಮನೆಯದೋ ಊಟ ಮಾಡುವವಳಂತೆ ನಿಧಾನವಾಗಿ ಅಗಿದಳು. ಆಮೇಲೆ ಕಾಕಾನ ಮುಖ ನೋಡಿ, "ಹಿಂಗ ಇರ್ತಿದ್ದವೇನ್ರಿ, ನನ್ನ ರೊಟ್ಟಿ?" ಎಂದು ಕೇಳಿದಳು.

"ಹೂಂ" ಎಂದ ಕಾಕಾ. ಇನ್ನೊಂದು ತುತ್ತು ಮುರಿದ.