ಬಸ್ಸಿನ ಹಾಡು ಗೆದ್ದ ಮೇಲೆ

ಒಂದೇ ಒಂದು ಹಾಡು ಗೆದ್ದ ತಂಡದ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಎರಡು ಹಾಡು ಗೆದ್ದವರ ಬಾಳಿನಲ್ಲಿ ಏನು ನಡೆಯುತ್ತದೋ ನನಗೆ ಗೊತ್ತಿಲ್ಲ.

ನಾವು ಚಿಕ್ಕಬಳ್ಳಾಪುರದ ನಾಲ್ವರು. ನಾನು ಕೀಬೋರ್ಡಿನವನು. ನಮ್ಮ ಗಾಯಕ ಬರೆದು ಹಾಡಿದ ವಿರಹದ ಹಾಡೊಂದು ಮೊಬೈಲಿನಿಂದ ಮೊಬೈಲಿಗೆ ಹಾರಿ ಜಿಲ್ಲೆಯನ್ನೇ ಸುತ್ತಿಬಂತು. ಹುಡುಗಿ ಬಸ್ ಹತ್ತಿ ಹೋಗುತ್ತಾಳೆ, ಹುಡುಗ ಸ್ಟ್ಯಾಂಡಿನಲ್ಲಿ ನಿಂತು ನೋಡುತ್ತಾನೆ. ಇಷ್ಟೇ ಅದರ ಕಥೆ. ಜನ ‘ಬಸ್ಸಿನ ಹಾಡು’ ಎಂದು ಹೆಸರಿಟ್ಟರು.

ಆಮೇಲೆ ಹೊಸದೊಂದು ಹಾಡು ಮಾಡಿದೆವು. ಬಸ್ಸಿನ ಹಾಡಿಗಿಂತ ಅದೇ ಚೆನ್ನಾಗಿದೆ ಎಂದು ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುತ್ತೇನೆ. ಆದರೆ ವೇದಿಕೆಯ ಮೇಲೆ ಅದು ಶುರುವಾದರೆ ಸಾಕು, ಜನ ಊಟಕ್ಕೆ ಏಳುತ್ತಾರೆ. ಕೈ ತೊಳೆದುಕೊಂಡು ಬಂದು, “ಬಸ್ಸಿಂದು ಆಗೋಯ್ತಾ?” ಎಂದು ಕೇಳುತ್ತಾರೆ.

ಚಿಂತಾಮಣಿಯ ಆರತಕ್ಷತೆ

ಗಂಡಿನ ಸ್ನೇಹಿತರೆಲ್ಲ ಬಸ್ಸಿನ ಹಾಡೇ ಬೇಕೆಂದು ಹಟ ಹಿಡಿದರು. ನಾನು ಮೊದಲ ಸ್ವರ ಹಿಡಿದಿದ್ದೆನಷ್ಟೆ, ಗಂಡಿನ ಸೋದರಮಾವ ವೇದಿಕೆಗೇ ಹತ್ತಿ ಬಂದರು.

“ಏಮಪ್ಪಾ, ಮದುವೆ ಮನೇಲಿ ಹುಡುಗಿ ಬಿಟ್ಟೋಗೋ ಹಾಡು ಹಾಡ್ತೀರಲ್ಲ, ಬುದ್ಧಿ ಬೇಡ್ವಾ? ಮೊದ್ಲು ಅವಳನ್ನ ಬಸ್ಸಿಂದ ಇಳಿಸಿ.”

ಹುಡುಗರು ಬಿಡುವಂತಿಲ್ಲ, ಮಾವ ಒಪ್ಪುವಂತಿಲ್ಲ. ಗಾಯಕ ನಿಂತಲ್ಲೇ ಕೊನೆಯ ಚರಣ ಬದಲಿಸಿದ. ಬಸ್ಸು ಇನ್ನೇನು ಮರೆಯಾಗಬೇಕು, ಹುಡುಗಿ ಕೂಗಿ ನಿಲ್ಲಿಸಿ, ಇಳಿದು ಓಡಿ ಬಂದಳು. ಚಪ್ಪಾಳೆಯೋ ಚಪ್ಪಾಳೆ. ಮಾವನ ಮುಖ ಮಾತ್ರ ಅರಳಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದರು:

“ಇಳಿಸಿದ್ದು ಸರಿ ಕಣಪ್ಪಾ. ಲಗೇಜು ಬಸ್ಸಲ್ಲೇ ಹೋಯ್ತಲ್ಲ?”

ಅಜ್ಜಿ ತಂದ ಸಂಬಂಧ

ಗೌರಿಬಿದನೂರಿನಲ್ಲಿ ಕಾರ್ಯಕ್ರಮ ಮುಗಿದು ವೈರು ಸುತ್ತುತ್ತಿದ್ದೆವು. ಅಜ್ಜಿಯೊಬ್ಬರು ಬಂದು ಗಾಯಕನ ಗಲ್ಲ ಸವರಿದರು.

“ಹೋದೋಳು ಹೋದ್ಲು ಬಿಡಪ್ಪಾ, ಎಷ್ಟು ದಿನ ಅಂತ ಅಳ್ತೀಯಾ? ನನ್ನ ಮೊಮ್ಮಗಳವ್ಳೆ. ಬಿ.ಎಡ್. ಮಾಡವ್ಳೆ. ನಾಳೆ ಮನೆಗೆ ಬಾ.”

ಪಕ್ಕದಲ್ಲೇ ನಿಂತಿದ್ದ ಗಾಯಕನ ಹೆಂಡತಿ ನಕ್ಕಳು. “ಅಜ್ಜೀ, ಆ ಬಸ್ ಹತ್ತಿದೋಳು ನಾನೇ. ಬ್ಯಾಂಕ್ ಪರೀಕ್ಷೆ ಬರೆಯೋಕೆ ಹೋಗಿದ್ದೆ. ಸಾಯಂಕಾಲ ವಾಪಸ್ ಬಂದೆ.”

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಅಷ್ಟಕ್ಕೇ ಊರೆಲ್ಲಾ ಅಳಿಸಿದ್ಯೇನೋ?”

ನೂಲು ತೆಗೆಯುವಲ್ಲಿ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ಸಾಹೇಬರೊಬ್ಬರು ನಮ್ಮನ್ನು ತಮ್ಮ ಘಟಕಕ್ಕೇ ಚಹಾಕ್ಕೆ ಕರೆದರು. ಹೊಗಳುತ್ತಾರೆಂದು ಹೋದೆವು. ಅವರದು ದೂರು.

“ನಿಮ್ಮ ಹಾಡು ಬಂದ್ರೆ ಹೆಂಗಸ್ರು ಎಲ್ಲೋ ನೋಡ್ತಾ ಕೂತ್ಕೋತಾರೆ ಭಾಯಿ. ಎಳೆ ಕಡಿದ್ರೂ ಗೊತ್ತಾಗಲ್ಲ. ಅದಕ್ಕೇ ಇಲ್ಲಿ ಅದು ಬಂದ್ ಮಾಡಿದೀನಿ. ಹೊಸದು ಏನಾದ್ರೂ ಇದ್ರೆ ಹಾಕಿ.”

ಹೊಸದು ಕೇಳಿದ ಮೊದಲ ಮನುಷ್ಯ ಅವರು! ಗಾಯಕನ ಕಣ್ಣು ಮಿನುಗಿತು. ನಮ್ಮ ಎರಡನೆಯ ಹಾಡನ್ನು ಫೋನಿನಲ್ಲಿ ಹಾಕಿದ. ಬಿಸಿನೀರಿನಲ್ಲಿ ಗೂಡು ತಿರುಗುತ್ತಿತ್ತು, ಕೈಗಳು ಆಡುತ್ತಿದ್ದವು. ಹಾಡು ಮುಗಿದ ಮೇಲೆ ಹಿರಿಯ ಹೆಂಗಸೊಬ್ಬಳು ಸಾಹೇಬರಿಗೆ ಹೇಳಿದಳು:

“ಇದನ್ನ ದಿನಾ ಹಾಕಿ ಸಾಬ್ರೇ. ಇದ್ರಿಂದ ಕೆಲಸಕ್ಕೆ ಏನೇನೂ ತೊಂದ್ರೆ ಇಲ್ಲ.”

ಅವತ್ತು ನಗಲಾರದವನು ಗಾಯಕ ಒಬ್ಬನೇ. ಬರುವ ದಾರಿಯಲ್ಲಿ ಹೇಳಿದ, “ನಗರಗೆರೆ ಪ್ರೋಗ್ರಾಮೇ ಕೊನೇದು ಕಣೋ. ಅಲ್ಲೂ ಜನ ಎದ್ದೋದ್ರೆ ನಾನು ಮೈಕ್ ಮುಟ್ಟಲ್ಲ.” ಅವನಿಲ್ಲದಿದ್ದರೆ ತಂಡವಿಲ್ಲ. ಒಂದು ಹಾಡನ್ನು ಜನ ಇಷ್ಟೊಂದು ಪ್ರೀತಿಸಿದ್ದೇ ಅದನ್ನು ಬರೆದವನಿಗೆ ಮುಳುವಾಯಿತಲ್ಲ ಎಂದು ನನಗೆ ಬೇಸರವಾಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿ ಯಾರೆಂದೇ ತಿಳಿಯಲಿಲ್ಲ.

ನಗರಗೆರೆಯಲ್ಲಿ

ಅಲ್ಲಿಯೂ ಮದುವೆಯೇ. ಗಾಯಕ ಹಟದಿಂದ ಹೊಸ ಹಾಡನ್ನೇ ಮೊದಲು ಎತ್ತಿಕೊಂಡ. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬೇರೆ ಬರುತ್ತಿತ್ತು. ನಾನು ಕೀಬೋರ್ಡು ನೋಡುವುದು ಬಿಟ್ಟು ಜನರ ಕಾಲುಗಳನ್ನೇ ನೋಡುತ್ತಿದ್ದೆ.

ಯಾರೂ ಏಳಲಿಲ್ಲ! ಪಲ್ಲವಿ ಆಯಿತು, ಚರಣ ಆಯಿತು, ಅಳುವ ಮಗುವನ್ನೂ ಸುಮ್ಮನಿರಿಸಿ ಕೇಳಿದರು. ಹಾಡು ಮುಗಿದಾಗ ಗಾಯಕ ಜನರಿಗೆ ಕೈ ಮುಗಿದ. ನನ್ನ ಕಣ್ಣು ಒದ್ದೆಯಾಗಿತ್ತು, ಮುಚ್ಚಿಡುವುದೇನು.

ಆಗ ಮುಂದಿನ ಸಾಲಿನಲ್ಲಿದ್ದ ವಧುವಿನ ಅಜ್ಜ ಎದ್ದು ಗಂಭೀರವಾಗಿ ಕೈಯೆತ್ತಿದರು.

“ಪೀಠಿಕೆ ಭೇಷಾಗಿತ್ತಪ್ಪಾ. ಇನ್ನು ಹಾಡು ಶುರು ಮಾಡಿ.”

ಆಮೇಲೆ ತಿಳಿಯಿತು. ಆ ಊರಿನವರು ಪೌರಾಣಿಕ ನಾಟಕ ನೋಡುತ್ತಲೇ ಬೆಳೆದವರು. ಪರದೆ ಏಳುವ ಮುಂಚೆ ಹಾರ್ಮೋನಿಯಂ ಮೇಷ್ಟ್ರು ಎಷ್ಟು ಹೊತ್ತು ನುಡಿಸಿದರೂ ಜಾಗ ಬಿಟ್ಟು ಕದಲುವ ಪೈಕಿಯಲ್ಲ. ನಮ್ಮ ಹೊಸ ಹಾಡನ್ನೂ ಹಾಗೆಯೇ ತಾಳ್ಮೆಯಿಂದ ಕೂತು ಕಳೆದಿದ್ದರು.

ಅಜ್ಜನ ಮಾತಿಗೆ ಗಾಯಕ ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಮುಗಿಯಿತು ಕಥೆ ಅಂದುಕೊಂಡೆ. ಅವನು ನನ್ನ ಕಡೆ ಸನ್ನೆ ಮಾಡಿ, ಬಸ್ಸಿನ ಹಾಡನ್ನು ಶುರುವಿನಿಂದ ಕೊನೆಯವರೆಗೆ ಹಾಡಿ ಮುಗಿಸಿದ. ಹೆಂಗಸರು ಕಣ್ಣೊರೆಸಿಕೊಂಡರು. ಹುಡುಗರು ಶಿಳ್ಳೆ ಹಾಕಿದರು. ಅವನು ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೆಳಗಿಳಿಯಲು ಹೊರಟ.

ಅಜ್ಜ ಮತ್ತೆ ಎದ್ದರು. “ಎಲ್ಲಿಗೋಯ್ತೀಯಪ್ಪಾ, ನಿಂತ್ಕೋ. ಈ ಹಾಡು ಹೆಂಗೂ ಎಲ್ರ ಫೋನಲ್ಲೂ ಐತೆ, ದಿನಾ ಕೇಳ್ತೀವಿ. ಆ ಪೀಠಿಕೆ ಇನ್ನೊಂದ್ಸಲ ಹಾಡು.”